ಹುಲ್ಲು ಸುತ್ತಿ ಕಳಿಸಿದ ಬಟ್ಟಲು: ಸೋಮವಾರಪೇಟೆಯಿಂದ ಮೆಲ್ಬರ್ನ್‌ಗೆ ಹೋದ ಒಂದು ಪಾರ್ಸೆಲ್‌ನ ಕಥೆ

2024ರ ಜುಲೈ 11ರಂದು ನಮ್ಮ ಅತ್ತಿಗೆ ಆಸ್ಟ್ರೇಲಿಯಾಕ್ಕೆ ಒಂದು ಪಾರ್ಸೆಲ್ ಕಳಿಸಿದರು. ಒಳಗೆ ಕಾಫಿ ಮರದಲ್ಲಿ ಕಡೆದ ಹನ್ನೆರಡು ಬಟ್ಟಲು, ಒಂದು ದೊಡ್ಡ ತಟ್ಟೆ. ಕೊಂಡವರು ಮೆಲ್ಬರ್ನ್‌ನಲ್ಲಿ ಚಿಕ್ಕ ಕಾಫಿ ಅಂಗಡಿ ನಡೆಸುವವರು. ಬಟ್ಟಲಿಗೆ 2,400 ರೂಪಾಯಿಯಂತೆ 28,800, ತಟ್ಟೆಗೆ 9,600, ಒಟ್ಟು 38,400 ರೂಪಾಯಿ. ಅಲ್ಲಿಯವರೆಗೆ ಅತ್ತಿಗೆ ಮಾರಿದ್ದೆಲ್ಲ ಬೆಂಗಳೂರು, ಪುಣೆ, ಚೆನ್ನೈಗೆ. ವಿದೇಶಕ್ಕೆ ಇದೇ ಮೊದಲು.

ಆ ಪಾರ್ಸೆಲ್ ಕಳೆದುಹೋಗಲಿಲ್ಲ. ಯಾರೂ ಕದಿಯಲಿಲ್ಲ, ಯಾರೂ ಎತ್ತಿ ಎಸೆಯಲಿಲ್ಲ. ಒಂದು ಬಟ್ಟಲಿನ ಅಂಚೂ ದಾರಿಯಲ್ಲಿ ಮುರಿಯಲಿಲ್ಲ. ಆದರೂ ಆ ವ್ಯಾಪಾರದಲ್ಲಿ ಲಾಭ ಹೋಗಿ ಕೈಯಿಂದಲೂ ಹೋಯಿತು. ಅದು ಹೇಗೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ನಾನು ಕುಶಾಲನಗರದಲ್ಲಿ ಜಿಎಸ್‌ಟಿ ರಿಟರ್ನ್, ಲೆಕ್ಕಪತ್ರ ನೋಡುವವನು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಈ ಪ್ರಕರಣದ ಒಂದು ದೊಡ್ಡ ತಪ್ಪು ನನ್ನದೇ.

ಮರ ಎಲ್ಲಿಯದು

ಅಣ್ಣನ ತೋಟ ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ ಹೋಗುವ ದಾರಿಯಲ್ಲಿದೆ. ಹೆಚ್ಚಿನದು ಅರೇಬಿಕಾ. ಅರೇಬಿಕಾ ಬೆಳೆಯುವವರಿಗೆ ಬೋರರ್ ಎಂದರೆ ಬಿಡಿಸಿ ಹೇಳಬೇಕಿಲ್ಲ. ಬಿಳಿ ಕಾಂಡ ಕೊರಕ ಹುಳು. ದುಂಬಿ ತೊಗಟೆಯ ಸಂದಿಯಲ್ಲಿ ಮೊಟ್ಟೆಯಿಡುತ್ತದೆ. ಮರಿ ಕಾಂಡದೊಳಗೆ ಸುರಂಗ ಕೊರೆಯುತ್ತಾ ತಿಂಗಳುಗಟ್ಟಲೆ ಅಲ್ಲೇ ಬದುಕುತ್ತದೆ. ಬಂದ ದಾರಿಯನ್ನು ತನ್ನದೇ ಹಿಕ್ಕೆಯ ಪುಡಿಯಿಂದ ಬಿಗಿಯಾಗಿ ತುಂಬಿಕೊಂಡು ಹೋಗುತ್ತದೆ. ದುಂಬಿ ಹೊರಗೆ ಹಾರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಆದ ಮೇಲೆ ಇನ್ನೊಮ್ಮೆ. ಅದಕ್ಕೆ ಮೊದಲೇ ಆಳುಗಳನ್ನು ಇಟ್ಟು ಟ್ರೇಸಿಂಗ್, ಎಂದರೆ ಹುಳು ಬಿದ್ದ ಗಿಡ ಹುಡುಕುವ ಕೆಲಸ, ಮಾಡಿಸಿ, ಅವನ್ನು ಕಿತ್ತು ಸುಡಬೇಕು.

ಅತ್ತಿಗೆಗೆ ಆ ಸುಡುವ ರಾಶಿ ನೋಡಿ ಸಂಕಟ. ಮೂವತ್ತು ನಲವತ್ತು ವರ್ಷದ ಗಿಡಗಳ ಬುಡ, ಒಳಗೆ ಜೇನಿನ ಬಣ್ಣದ ನುಣುಪಾದ ಮರ. ಚನ್ನಪಟ್ಟಣದಲ್ಲಿ ಒಂದು ತಿಂಗಳು ಇದ್ದು ಕಡೆಯುವುದನ್ನು ಕಲಿತು ಬಂದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಇದ್ದ ಹಳೆಯ ಕೊಟ್ಟಿಗೆಯಲ್ಲಿ ಮರ ಕಡೆಯುವ ಲೇತ್ ಹಾಕಿದರು. ಬಟ್ಟಲು, ಚಮಚ, ಕಾಫಿ ಪುಡಿ ಡಬ್ಬಿ. ಬೋರರ್ ತೂತು ಇರುವ ಬಟ್ಟಲಿಗೇ ಜಾಸ್ತಿ ಬೇಡಿಕೆ! ಫೋಟೋದಲ್ಲಿ ಆ ಸಣ್ಣ ತೂತು, ಸುರಂಗದ ಗೆರೆ ಒಂದು ಚಿತ್ತಾರದ ಹಾಗೆ ಕಾಣುತ್ತಿತ್ತು. ಮೆಲ್ಬರ್ನ್‌ನವರೂ ಅದನ್ನೇ ಕೇಳಿದ್ದರು. ಹನ್ನೆರಡರಲ್ಲಿ ನಾಲ್ಕು ಬಟ್ಟಲು ತೂತಿನವು.

ಪಾರ್ಸೆಲ್ ಕಟ್ಟಿದ ದಿನ

ಪುನರ್ವಸು ಮಳೆ ಹಿಡಿದಿತ್ತು. ಅಣ್ಣ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಪುಸ್ತಕದಲ್ಲಿ ಇಂಚು ಬರೆಯುತ್ತಾನೆ. ಆ ವಾರದ ಪುಟ ತುಂಬಿಹೋಗಿತ್ತು. ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಚಪ್ಪಲಿ, ಬೆಲ್ಟು, ಗೋಡೆಯ ಕ್ಯಾಲೆಂಡರ್, ಎಲ್ಲದರ ಮೇಲೂ ಬೂಷ್ಟು. ಅಂಥ ದಿನ ಅತ್ತಿಗೆ ಬಟ್ಟಲುಗಳಿಗೆ ಎಣ್ಣೆ ಹಚ್ಚಿ, ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹೋಗದ ಹಾಗೆ ಟೇಪು ಸುತ್ತಿದರು. "ನೀರು ತಾಗಬಾರದಲ್ವಾ" ಎಂಬ ಎಚ್ಚರ ಅವರದು.

ಹೊರಗಿನ ಡಬ್ಬ ಸಂತೆಯಿಂದ ತಂದ ಹಣ್ಣಿನ ರಟ್ಟಿನ ಪೆಟ್ಟಿಗೆ. ಗಟ್ಟಿಯಾಗಿಯೇ ಇತ್ತು. ಸುತ್ತ ತುಂಬಲು ಅವರು ಬತ್ತದ ಹುಲ್ಲು ಹಾಕಿದರು. ಬಬಲ್ ರ‍್ಯಾಪ್ ಯಾಕೆ, ಪ್ಲಾಸ್ಟಿಕ್ ಕಸ ಯಾಕೆ, ಹುಲ್ಲಿನಲ್ಲಿ ಮೊಟ್ಟೆ ಕಳಿಸಿದರೂ ಒಡೆಯುವುದಿಲ್ಲ ಎಂದು ನಮ್ಮ ಅಜ್ಜಿಯ ಕಾಲದಿಂದ ಗೊತ್ತಿರುವ ವಿಷಯ. ಮಾತು ಸರಿಯೇ. ಹುಲ್ಲು ಪೆಟ್ಟು ತಡೆಯಿತು. ತೂಕ 7 ಕಿಲೋ 200 ಗ್ರಾಂ.

ಹಿಂದಿನ ಸಂಜೆ ಅತ್ತಿಗೆ ನನಗೆ ಫೋನ್ ಮಾಡಿದ್ದರು.

"ಕಸ್ಟಮ್ಸ್ ಫಾರಂನಲ್ಲಿ ಏನು ಬರೆಯಬೇಕೋ? ರಫ್ತು ಅಂದರೆ ಲೈಸನ್ಸ್ ಬೇಕಂತೆ."

"ಬಿಡಿ ಅತ್ತಿಗೆ, ಒಂದು ಪಾರ್ಸೆಲ್‌ಗೆ ಯಾಕೆ ಆ ತಲೆನೋವು. ಗಿಫ್ಟ್ ಅಂತ ಬರೆಯಿರಿ. ಬೆಲೆ ಐದು ಸಾವಿರ ಹಾಕಿ. ಅವರಿಗೂ ಟ್ಯಾಕ್ಸ್ ಬೀಳಲ್ಲ."

ಇದು ನಾನು ಹೇಳಿದ್ದು. ಲೆಕ್ಕಪತ್ರ ನೋಡುವವನ ಬಾಯಿಂದ ಬಂದ ಮಾತು. ಸುಮ್ನೆ, ಯೋಚನೆ ಮಾಡದೆ.

ಅತ್ತಿಗೆ ಹಾಗೇ ಬರೆದರು. ವಿವರದ ಜಾಗದಲ್ಲಿ "ಮರದ ಕರಕುಶಲ ವಸ್ತು, ಉಡುಗೊರೆ" ಎಂದು ಇಂಗ್ಲಿಷಿನಲ್ಲಿ. ಬೆಲೆ 5,000. ಆದರೆ ಅವರು ವ್ಯಾಪಾರದಲ್ಲಿ ಅಚ್ಚುಕಟ್ಟು. ಪೆಟ್ಟಿಗೆಯೊಳಗೆ ಮೇಲ್ಗಡೆ ಒಂದು ಬಿಲ್ ಕೂಡ ಇಟ್ಟರು. ಅದರಲ್ಲಿ 38,400 ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು.

ವಿಳಾಸವನ್ನು ಜೆಲ್ ಪೆನ್ನಿನಲ್ಲಿ ಬರೆದಿದ್ದರು. ಅಂಚೆ ಕಚೇರಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅರ್ಧ ಅಕ್ಷರ ನೀಲಿ ನೀರಾಗಿತ್ತು. ಕೌಂಟರಿನಲ್ಲಿದ್ದವರು ಬಾಲ್ ಪೆನ್ ಕೊಟ್ಟು ಇನ್ನೊಂದು ಕಾಗದದಲ್ಲಿ ಬರೆಸಿ, ಮೇಲೆ ಪಾರದರ್ಶಕ ಟೇಪು ಹಾಕಿಸಿದರು. ಪುಣ್ಯಾತ್ಮರು.

ಆಮೇಲೆ ಆದದ್ದು

ವಿದೇಶಿ ಸ್ಪೀಡ್ ಪೋಸ್ಟಿಗೆ 13 ಅಕ್ಷರದ ಒಂದು ಗುರುತು ಸಂಖ್ಯೆ ಕೊಡುತ್ತಾರೆ. ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ 'ಐಎನ್'. ಒಂಬತ್ತನೆಯ ಅಂಕಿ ಮೊದಲ ಎಂಟರಿಂದ ಲೆಕ್ಕ ಹಾಕಿ ಬರುವ ತಾಳೆ ಅಂಕಿ. ಅತ್ತಿಗೆ ಗಿರಾಕಿಗೆ ಒಂದು ಅಂಕಿ ತಪ್ಪಾಗಿ ಕಳಿಸಿದ್ದರು. ತಾಳೆ ಅಂಕಿ ಇದ್ದದ್ದರಿಂದ ಆ ಸಂಖ್ಯೆ ಬೇರೆಯವರ ಪಾರ್ಸೆಲನ್ನು ತೋರಿಸುವ ಬದಲು ಸಂಖ್ಯೆಯೇ ಸರಿಯಿಲ್ಲ ಎಂದು ತೋರಿಸಿತು. ಆ ಗಾಬರಿಯಲ್ಲಿ ಎರಡು ದಿನ ಹೋಯಿತು. ಈಗ ಅತ್ತಿಗೆ ಸಂಖ್ಯೆ ಬರೆದು ಕಳಿಸುವುದಿಲ್ಲ, ರಸೀದಿಯ ಫೋಟೋ ಕಳಿಸುತ್ತಾರೆ.

ಬೆಂಗಳೂರಿನ ಕಸ್ಟಮ್ಸ್ ದಾಟಿ, ಜುಲೈ ಮೂರನೇ ವಾರ ಮೆಲ್ಬರ್ನ್ ತಲುಪಿತು. ಅಲ್ಲಿ ನಿಂತಿತು.

ಆಸ್ಟ್ರೇಲಿಯಾಕ್ಕೆ ಮರದ ಸಾಮಾನು ಕಳಿಸುವವರು ಒಂದು ವಿಷಯ ತಿಳಿದಿರಬೇಕು. ಆ ದೇಶ ಸುಂಕಕ್ಕಿಂತ ಹುಳುವಿಗೆ ಹೆದರುತ್ತದೆ. ಸುತ್ತ ಸಮುದ್ರ ಇರುವ ಖಂಡ. ಹೊರಗಿನ ಕೀಟ, ಬೀಜ, ಶಿಲೀಂಧ್ರ ಒಳಗೆ ಬಂದರೆ ಅಲ್ಲಿನ ಕಾಡು, ಹೊಲ ಎರಡಕ್ಕೂ ಕುತ್ತು. ಅದಕ್ಕೇ ಅಲ್ಲಿ ಜೈವಿಕ ಸುರಕ್ಷತೆಯ ತಪಾಸಣೆ ಬಿಗಿ. ತೊಗಟೆ ಇರಬಾರದು, ಮಣ್ಣು ಇರಬಾರದು, ಜೀವಂತ ಹುಳು ಇರಬಾರದು. ಹುಲ್ಲು, ಹೊಟ್ಟು, ಒಣ ಎಲೆಯಂಥದ್ದನ್ನು ಪ್ಯಾಕಿಂಗ್‌ಗೆ ಬಳಸಲೇಬಾರದು.

ನಮ್ಮ ಪೆಟ್ಟಿಗೆ ಬಿಚ್ಚಿದವರಿಗೆ ಕಂಡದ್ದು ಏನು? ಅಲ್ಲಲ್ಲಿ ಬತ್ತದ ಕಾಳು ಉಳಿದಿದ್ದ ಒಂದು ಪೆಟ್ಟಿಗೆ ಹುಲ್ಲು. ಅದರ ನಡುವೆ ಹುಳು ಕೊರೆದ ತೂತಿರುವ ಬಟ್ಟಲು. ಒಂದು ತೂತಿನಿಂದ ಪುಡಿ ಉದುರಿ ಚೀಲದ ತಳದಲ್ಲಿ ಕೂತಿತ್ತು. ಉಡುಗೊರೆ ಎಂದು ಫಾರಂ, ಪಕ್ಕದಲ್ಲೇ ಮಾರಾಟದ ಬಿಲ್. ನಾವು ಆ ಮೇಜಿನ ಆಚೆ ಕೂತಿದ್ದರೂ ಅದನ್ನು ತಡೆದೇ ಇಡುತ್ತಿದ್ದೆವು.

ಗಿರಾಕಿಗೆ ನೋಟಿಸ್ ಹೋಯಿತು. ಮೂರು ದಾರಿ ಕೊಟ್ಟಿದ್ದರು: ಗಿರಾಕಿಯ ಖರ್ಚಿನಲ್ಲಿ ಕೀಟ ಸಾಯುವ ಸಂಸ್ಕಾರ ಮಾಡಿಸುವುದು, ಖರ್ಚು ಕೊಟ್ಟು ವಾಪಸ್ ಕಳಿಸುವುದು, ಇಲ್ಲವೇ ನಾಶ ಮಾಡಲು ಒಪ್ಪುವುದು. ಅವರು ಒಳ್ಳೆಯವರು. ಸಂಸ್ಕಾರಕ್ಕೆ ಒಪ್ಪಿದರು. ಹುಲ್ಲೆಲ್ಲ ನಾಶವಾಯಿತು, ಬಟ್ಟಲುಗಳಿಗೆ ಗಾಮಾ ಕಿರಣ ಹಾಯಿಸಿದರು. ಆಗಸ್ಟ್ ಮಧ್ಯದಲ್ಲಿ ಬಟ್ಟಲು ಅವರ ಕೈಗೆ ಸಿಕ್ಕಿತು. ಪ್ಲಾಸ್ಟಿಕ್ ಒಳಗೆ ಏಳು ಬಟ್ಟಲಿಗೆ ಕಪ್ಪು ಚುಕ್ಕೆ ಬಿದ್ದಿತ್ತು. ಬೂಷ್ಟು. ಅವರು ಒರೆಸಿ, ಉಜ್ಜಿ, ಅಂಗಡಿಯ ಕಪಾಟಿನಲ್ಲಿ ಇಟ್ಟರು.

ಇಲ್ಲಿಗೆ ಮುಗಿಯಿತು ಎಂದುಕೊಂಡೆವು. ಸೆಪ್ಟೆಂಬರ್ ಮೊದಲ ವಾರ ವಾಟ್ಸಾಪಿನಲ್ಲಿ ಫೋಟೋ ಬಂತು. ಐದು ಬಟ್ಟಲು ಬಿರುಕು ಬಿಟ್ಟಿವೆ. ಒಂದರಲ್ಲಿ ಬಿರುಕು ಅಂಚಿನಿಂದ ತಳದವರೆಗೆ, ಬೆರಳಿನ ಉಗುರು ತೂರುವಷ್ಟು. ದೊಡ್ಡ ತಟ್ಟೆ ಸೊಟ್ಟಗಾಗಿ ಮೇಜಿನ ಮೇಲೆ ತೂಗಾಡುತ್ತಿದೆ.

ಅತ್ತಿಗೆ ಮೊದಲು ಅಂದದ್ದು, "ಪೋಸ್ಟಿನವರು ಎತ್ತಿ ಹಾಕಿರಬೇಕು." ನಾನೂ ಹೌದೆಂದೆ. ಫೋಟೋ ನೋಡಿ ಅಣ್ಣ ಮಾತ್ರ ತಲೆ ಅಲ್ಲಾಡಿಸಿದ. "ಇದು ಬಿದ್ದು ಒಡೆದದ್ದಲ್ಲ. ಒಣಗಿ ಒಡೆದದ್ದು. ಕಣದಲ್ಲಿ ಬಿಸಿಲಿಗೆ ಹಾಕಿದ ಹಸಿ ಸೌದೆ ಹೀಗೇ ಸೀಳುವುದು."

ಮರದೊಳಗಿನ ನೀರು

ಇಡೀ ಪ್ರಕರಣದಲ್ಲಿ ನನಗೆ ಹೊಸದಾಗಿ ತಿಳಿದದ್ದು ಇದೇ.

ಮರ ಸುತ್ತಲಿನ ಗಾಳಿಗೆ ತಕ್ಕ ಹಾಗೆ ನೀರು ಕುಡಿಯುತ್ತದೆ, ಬಿಡುತ್ತದೆ. ಎಷ್ಟೋ ವರ್ಷ ಹಳೆಯ ಮರವೂ ಅಷ್ಟೇ. ಗಾಳಿಯಲ್ಲಿ ತೇವಾಂಶ 90% ಇದ್ದರೆ, ಸಾಕಷ್ಟು ದಿನ ಅಲ್ಲಿಟ್ಟ ಮರದೊಳಗಿನ ನೀರು ಅದರ ಒಣ ತೂಕದ 20% ಆಸುಪಾಸಿಗೆ ಬಂದು ನಿಲ್ಲುತ್ತದೆ. ಗಾಳಿಯ ತೇವಾಂಶ 35ರಿಂದ 40% ಆದರೆ ಅದು ಸುಮಾರು 7%ಗೆ ಇಳಿಯುತ್ತದೆ. ಜುಲೈ ತಿಂಗಳ ಶಾಂತಳ್ಳಿ ಮೊದಲಿನದು. ಚಳಿಗಾಲದಲ್ಲಿ ಹೀಟರ್ ಹಾಕಿಟ್ಟ ಅಂಗಡಿ ಎರಡನೆಯದು. ನಮಗೆ ಮಳೆಗಾಲ ಇರುವಾಗ ಅಲ್ಲಿ ಚಳಿಗಾಲ.

ನೀರು ಹೋದಂತೆ ಮರ ಕುಗ್ಗುತ್ತದೆ. ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗಿದ್ದರೆ ತೊಂದರೆ ಇರಲಿಲ್ಲ, ಬಟ್ಟಲು ಸ್ವಲ್ಪ ಚಿಕ್ಕದಾಗುತ್ತಿತ್ತು ಅಷ್ಟೇ. ಆದರೆ ಉದ್ದಕ್ಕೆ ಕುಗ್ಗುವುದೇ ಇಲ್ಲ ಎನ್ನಬಹುದು. ವರ್ಷದ ಬಳೆಗಳ ಸುತ್ತಿನಲ್ಲಿ ಕುಗ್ಗುವುದು, ತಿರುಳಿನಿಂದ ಹೊರಕ್ಕೆ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಹಾಗಾಗಿ ಸುತ್ತು ಬಿಗಿಯುತ್ತದೆ, ಒಳಗೆ ಜಾಗ ಇಲ್ಲ, ಎಲ್ಲೋ ಒಂದು ಕಡೆ ಸೀಳಲೇಬೇಕು.

ಕಾಫಿ ಮರಕ್ಕೆ ಇನ್ನೂ ಒಂದು ಕಷ್ಟ. ಕಾಂಡ ಸಣ್ಣ. ಹಲಸು, ತೇಗದ ಹಾಗೆ ದಿಮ್ಮಿಯನ್ನು ಸೀಳಿ ತಿರುಳು ಬಿಟ್ಟು ತುಂಡು ತೆಗೆಯುವಷ್ಟು ದಪ್ಪ ಸಿಗುವುದು ಅಪರೂಪ. ಇಡೀ ಕಾಂಡದಿಂದಲೇ ಬಟ್ಟಲು ಕಡೆದರೆ ತಿರುಳು ಬಟ್ಟಲಿನ ನಡುವೆಯೇ ಉಳಿಯುತ್ತದೆ. ಬಿರುಕು ಅಲ್ಲಿಂದಲೇ ಶುರು. ಒಡೆದ ಐದರಲ್ಲಿ ಐದೂ ತಿರುಳು ಉಳಿದಿದ್ದ ಬಟ್ಟಲುಗಳು.

ಪ್ಲಾಸ್ಟಿಕ್ ಚೀಲ ಇದಕ್ಕೆ ಔಷಧ ಎಂದು ಅತ್ತಿಗೆ ತಿಳಿದಿದ್ದರು. ಹೊರಗಿನ ನೀರು ಒಳಗೆ ಬರಲಿಲ್ಲ, ನಿಜ. ಒಳಗಿನ ನೀರು ಹೊರಗೆ ಹೋಗಲೂ ಇಲ್ಲ. ಬೆಚ್ಚಗಿನ, ಒದ್ದೆ, ಗಾಳಿ ಆಡದ ಜಾಗದಲ್ಲಿ ಒಂದು ತಿಂಗಳು. ಬೂಷ್ಟಿಗೆ ಇನ್ನೇನು ಬೇಕು?

ಈ ಮನೆಯವರಿಗೆ ತೇವ ಅಳೆಯುವುದು ಗೊತ್ತಿಲ್ಲದ ವಿದ್ಯೆಯಲ್ಲ. ಹಣ್ಣಿನ ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಕಾಫಿಯನ್ನು ಅಣ್ಣ 10–11% ತೇವಕ್ಕೆ ಬರುವವರೆಗೂ ಕಣದಲ್ಲಿ ಹರವಿ, ಕೆದಕಿ, ಸಂಜೆ ಗುಡ್ಡೆ ಮಾಡಿ ಮುಚ್ಚುತ್ತಾನೆ. ಮೀಟರ್ ಹಿಡಿದು ನೋಡದೆ ಒಂದು ಮೂಟೆಯೂ ಕ್ಯೂರಿಂಗ್‌ಗೆ, ಎಂದರೆ ಬೀಜ ಬಿಡಿಸಿ ಹಸನು ಮಾಡುವ ಕಡೆಗೆ, ಹೋಗುವುದಿಲ್ಲ. ಅದೇ ಗಿಡದ ಬುಡದಲ್ಲಿ ಮಾಡಿದ ಬಟ್ಟಲಿಗೆ ಯಾರೂ ಮೀಟರ್ ಹಿಡಿಯಲಿಲ್ಲ. ಇದನ್ನು ಹೇಳಿದಾಗ ಅತ್ತಿಗೆ ಒಂದು ನಿಮಿಷ ಸುಮ್ಮನಿದ್ದು, "ಕಾಫಿಗೆ ಇರುವ ಮರ್ಯಾದೆ ಮರಕ್ಕಿಲ್ಲ" ಎಂದು ನಕ್ಕರು.

ನನ್ನ ತಪ್ಪಿನ ಬೆಲೆ

ಗಿಫ್ಟ್ ಎಂದು ಬರೆಸಿದ್ದರಿಂದ ಏನು ಉಳಿಯಿತು? ಏನೂ ಇಲ್ಲ. 38,400 ರೂಪಾಯಿ ಎಂದರೆ ಆಗ ಆಸ್ಟ್ರೇಲಿಯಾದ 700 ಡಾಲರ್ ಸುಮಾರು. ಅಲ್ಲಿ 1,000 ಡಾಲರ್‌ವರೆಗಿನ ಇಂಥ ಸಾಮಾನಿಗೆ ಗಡಿಯಲ್ಲಿ ಸುಂಕ ವಸೂಲಿ ಇಲ್ಲ. 2018ರ ಜುಲೈಯಿಂದ ಅದಕ್ಕೆ ಜಿಎಸ್‌ಟಿ ಇದೆ, ಆದರೆ ಅದನ್ನು ಮಾರುವವರ ಕೈಯಲ್ಲೇ ಕಟ್ಟಿಸುತ್ತಾರೆ. ಆ ದೇಶಕ್ಕೆ ವರ್ಷಕ್ಕೆ 75,000 ಡಾಲರ್‌ಗಿಂತ ಕಡಿಮೆ ಮಾರುವವರಿಗೆ ಅದೂ ಇಲ್ಲ. ನಿಜ ಬೆಲೆ ಬರೆದಿದ್ದರೂ ಗಿರಾಕಿ ಒಂದು ಕಾಸು ಕಟ್ಟಬೇಕಿರಲಿಲ್ಲ. ಇಲ್ಲದ ತೆರಿಗೆ ತಪ್ಪಿಸಲು ನಾನು ಸುಳ್ಳು ಬರೆಸಿದ್ದೆ.

ಹೋದದ್ದೇನು? ಪಾರ್ಸೆಲ್ ಕಳೆದೇ ಹೋಗಿದ್ದರೆ, ಅಥವಾ ದಾರಿಯಲ್ಲಿ ಚೂರಾಗಿದ್ದರೆ, ನಾವು ಕೇಳಬಹುದಾದ ಪರಿಹಾರ ಬರೆದ 5,000ದ ಮೇಲೆ ಹೋಗುವಂತಿರಲಿಲ್ಲ. ಉಡುಗೊರೆ ಎಂದು ಬರೆದದ್ದಕ್ಕೆ ರಫ್ತಿನ ದಾಖಲೆ ಇಲ್ಲ. ಹೊರಗಿನಿಂದ ಬಂದ ದುಡ್ಡಿಗೆ ಸಾಮಾನು ಹೋದ ಕಾಗದ ಇಲ್ಲ. ಜಿಎಸ್‌ಟಿ ಲೆಕ್ಕದಲ್ಲಿ ರಫ್ತು ಎಂದು ತೋರಿಸಲು ಆಗಲಿಲ್ಲ. ಇದನ್ನು ಸರಿ ಮಾಡಲು ನಾನೇ ರಾತ್ರಿ ಕೂತದ್ದು ಬೇರೆ ಮಾತು.

ಗಿರಾಕಿಗಳು ಕೆಲವೊಮ್ಮೆ ತಾವೇ "ಗಿಫ್ಟ್ ಅಂತ ಹಾಕಿ" ಎಂದು ಕೇಳುತ್ತಾರೆ. ಇಂಗ್ಲೆಂಡಿನ ಒಬ್ಬರು ಈಚೆಗೆ ಕೇಳಿದರು. ಅಲ್ಲಿ ನಿಜವಾದ ಉಡುಗೊರೆಗೆ 39 ಪೌಂಡ್‌ವರೆಗೆ ವ್ಯಾಟ್, ಎಂದರೆ ಅಲ್ಲಿನ ಮಾರಾಟ ತೆರಿಗೆಯ, ವಿನಾಯಿತಿ ಇದೆ, ಕೊಂಡ ಸಾಮಾನಿಗೆ ಅಲ್ಲ. 2021ರ ಜನವರಿಯಿಂದ 135 ಪೌಂಡ್‌ವರೆಗಿನ ಸರಕಿಗೆ ವ್ಯಾಟ್ ಮಾರುವ ಹೊತ್ತಿಗೇ ಹಾಕಬೇಕು. ದೊಡ್ಡ ಮಾರಾಟ ತಾಣದ ಮೂಲಕ ಹೋದರೆ ಆ ತಾಣವೇ ಹಿಡಿದು ಕಟ್ಟುತ್ತದೆ. ಹಾಗಾಗಿ ಇಂಗ್ಲೆಂಡಿಗೆ ಅತ್ತಿಗೆ ತಾಣದ ಮೂಲಕ ಮಾತ್ರ ಮಾರುತ್ತಾರೆ. ಯುರೋಪ್ ಒಕ್ಕೂಟದಲ್ಲಿ 22 ಯೂರೋವರೆಗಿನ ಹಳೆಯ ವಿನಾಯಿತಿ 2021ರ ಜುಲೈ 1ಕ್ಕೇ ಹೋಯಿತು. 2024ರ ಡಿಸೆಂಬರ್ 13ರಿಂದ ಅಲ್ಲಿ ಸರಕಿನ ಸುರಕ್ಷತೆಗೆ ಹೊಣೆ ಹೊರುವ ಒಬ್ಬರು ಒಕ್ಕೂಟದ ಒಳಗೇ ಇರಬೇಕೆಂಬ ನಿಯಮವೂ ಬಂದಿದೆ. ಆ ಬಾಗಿಲನ್ನು ನಾವು ಸದ್ಯಕ್ಕೆ ತಟ್ಟುತ್ತಿಲ್ಲ.

ಗಿರಾಕಿಯ ಜೊತೆ ಮಾತು

ದುಡ್ಡು ಪೇಪಾಲ್ ಎಂಬ ಆನ್‌ಲೈನ್ ಪಾವತಿ ತಾಣದ ಮೂಲಕ ಬಂದಿತ್ತು. ಅಲ್ಲಿ ಕೊಂಡವರು 180 ದಿನದವರೆಗೆ ತಕರಾರು ಹಾಕಬಹುದು. "ಹೇಳಿದಂತೆ ಇಲ್ಲ" ಎಂದು ತಕರಾರು ಬಿದ್ದರೆ, ಸಾಮಾನು ತಲುಪಿದ ಸಾಕ್ಷಿ ಇದ್ದರೂ ಮಾರಿದವರಿಗೆ ರಕ್ಷಣೆ ಕಡಿಮೆ. ಅತ್ತಿಗೆ ಅಷ್ಟರವರೆಗೆ ಕಾಯಲಿಲ್ಲ. ತಪ್ಪು ನಮ್ಮದು, ಮರ ಸರಿಯಾಗಿ ಒಣಗಿರಲಿಲ್ಲ ಎಂದು ಬರೆದರು. ಅರ್ಧ ದುಡ್ಡು, 19,200 ರೂಪಾಯಿ, ವಾಪಸ್ ಕಳಿಸಿದರು. ಸಂಸ್ಕಾರದ ಖರ್ಚನ್ನೂ ಕೊಡುತ್ತೇವೆ ಎಂದಾಗ ಅವರು ಬೇಡ ಅಂದರು. ಬದಲಿಗೆ ಒಂದು ಪ್ರಶ್ನೆ ಕೇಳಿದರು: "ಸರಿಯಾಗಿ ಒಣಗಿದ ಬಟ್ಟಲು ಯಾವಾಗ ಸಿಗುತ್ತದೆ?"

ನನಗೆ ಆಗ ಅನಿಸಿದ್ದು, ಅಂಚೆಯವರ ಮೇಲೆ ಹಾಕಿ ಬರೆದಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ.

ಎರಡನೇ ಸಲ

2024ರ ನವೆಂಬರ್‌ನಲ್ಲಿ ಮಳೆ ನಿಂತ ಮೇಲೆ ಕೆಲಸ ಶುರುವಾಯಿತು. ಬುಡದ ದಪ್ಪ ತುಂಡು ಮಾತ್ರ ಆರಿಸಿ, ನಡುವೆ ಸೀಳಿ, ತಿರುಳು ತೆಗೆದರು. ಬಟ್ಟಲು ಚಿಕ್ಕದಾಯಿತು, ಬೆಲೆ ಅದೇ. ಮೊದಲು ಒರಟಾಗಿ, ದಪ್ಪವಾಗಿ ಕಡೆದರು. ನೀರು ಬೇಗ ಹೋಗುವ ಅಡ್ಡ ಕೊಯ್ತದ ಮೈಗೆ ಮೇಣ ಬಳಿದು, ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರು. ಪ್ರತಿ ಭಾನುವಾರ ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಬಟ್ಟಲಿನ ತಳದಲ್ಲೇ ಪೆನ್ಸಿಲಿನಲ್ಲಿ ತೂಕ ಬರೆದರು. ಮೊದಮೊದಲು ವಾರಕ್ಕೆ ಇಪ್ಪತ್ತು, ಮೂವತ್ತು ಗ್ರಾಂ ಇಳಿಯುತ್ತಿತ್ತು. ಜನವರಿ ಮಧ್ಯಕ್ಕೆ ಮೂರು ಭಾನುವಾರ ತೂಕ ಅಲ್ಲಾಡಲಿಲ್ಲ. ಅಷ್ಟರಲ್ಲಿ ಮರದ ತೇವ ನೋಡುವ ಚುಚ್ಚು ಮೀಟರ್ ಒಂದನ್ನೂ ತರಿಸಿದ್ದೆವು. 10% ತೋರಿಸಿತು. ಆಮೇಲೆ ಕೊನೆಯ ಕಡೆತ. ಈ ಹಂತದಲ್ಲೇ ಹದಿನಾರರಲ್ಲಿ ಮೂರು ಸೀಳಿದವು. ಮನೆಯಲ್ಲೇ ಸೀಳಿದ್ದು ಒಳ್ಳೆಯದೇ ಆಯಿತು.

ತೂತಿನ ಬಟ್ಟಲು ಒಂದೂ ಕಳಿಸಲಿಲ್ಲ. ಗಿರಾಕಿಗೆ ಬೇಸರವಾಯಿತು. ಅವರೇ ತಮ್ಮ ದೇಶದ ಆಮದು ಷರತ್ತುಗಳ ಬೈಕಾನ್ ತಾಣದಲ್ಲಿ ನೋಡಿ ನಮಗೆ ಪುಟ ಕಳಿಸಿದರು. ಒಂದೋ ಒಪ್ಪಿತವಾದ ಸಂಸ್ಕಾರದ ಪ್ರಮಾಣಪತ್ರ, ಇಲ್ಲವಾದರೆ ಅಲ್ಲಿ ಇಳಿದ ಮೇಲೆ ತಪಾಸಣೆ. ನಾವು ಪ್ರಮಾಣಪತ್ರದ ದಾರಿ ಹಿಡಿದೆವು. ಬೆಂಗಳೂರಿನಲ್ಲಿ ಮರದ ಸಾಮಾನು ಕಳಿಸುವ ಪರಿಚಯದವರ ಸರಕಿನ ಜೊತೆ ನಮ್ಮ ಹತ್ತು ಬಟ್ಟಲಿಗೂ ಧೂಮೀಕರಣ, ಎಂದರೆ ಹುಳು ಸಾಯುವ ಅನಿಲ ಹಾಯಿಸುವುದನ್ನು, ಮಾಡಿಸಿದೆವು. ಒಂಟಿಯಾಗಿ ಮಾಡಿಸಿದ್ದರೆ ಬಟ್ಟಲಿನ ಲಾಭವೆಲ್ಲ ಅದಕ್ಕೇ ಹೋಗುತ್ತಿತ್ತು. ಧೂಮೀಕರಣ ಪ್ಲಾಸ್ಟಿಕ್ ಸುತ್ತುವ ಮೊದಲು, ಎಣ್ಣೆ ಹಚ್ಚುವ ಮೊದಲು ಆಗಬೇಕು. ಇಲ್ಲವಾದರೆ ಅನಿಲ ಮರದ ಒಳಗೆ ಇಳಿಯುವುದಿಲ್ಲ.

ಈ ನಡುವೆ ಅಣ್ಣ ಒಂದು ಉಪಾಯ ಹೇಳಿದ್ದ. ತೋಟದ ಸಿಲ್ವರ್ ಓಕ್ ಹಲಗೆಯಲ್ಲಿ ಗಟ್ಟಿ ಪೆಟ್ಟಿಗೆ ಮಾಡಿಕೊಡುತ್ತೇನೆ, ಆನೆ ತುಳಿದರೂ ಏನಾಗಲ್ಲ ಅಂತ. ಕೊಡಗಿನಲ್ಲಿ ಆನೆಯ ಮಾತು ಬಾರದೆ ಯಾವ ಮಾತೂ ಮುಗಿಯುವುದಿಲ್ಲ. ಆದರೆ ಮರದ ಹಲಗೆಯ ಪೆಟ್ಟಿಗೆಗೂ ನಿಯಮ ಇದೆ. 6 ಮಿಲಿಮೀಟರ್‌ಗಿಂತ ದಪ್ಪದ ಮರದ ಪ್ಯಾಕಿಂಗ್ ಆದರೆ, ಮರದ ನಡುಭಾಗ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇರುವಂತೆ ಕಾಯಿಸಿಯೋ, ಧೂಮ ಹಾಕಿಯೋ, ಅಂತರರಾಷ್ಟ್ರೀಯ ಮುದ್ರೆ ಒತ್ತಿಸಬೇಕು. ಪ್ಲೈವುಡ್‌ಗೆ ಆ ತಂಟೆ ಇಲ್ಲ. ನಾವು ಎರಡೂ ಬೇಡವೆಂದು ಐದು ಪದರದ ಹೊಸ ರಟ್ಟಿನ ಡಬ್ಬ ಎರಡು ತಂದು ಒಂದರೊಳಗೆ ಒಂದು ಇಟ್ಟೆವು. ಹಳೆಯ ಹಣ್ಣಿನ ಪೆಟ್ಟಿಗೆ ಎಂದೂ ಬೇಡ. ಅದರಲ್ಲಿ ಹಣ್ಣಿನ ಗುರುತು, ಬೀಜ, ಹುಳು ಏನಾದರೂ ಉಳಿದಿರುತ್ತದೆ. ಮಳೆಗಾಲದ ತೇವ ಕುಡಿದ ರಟ್ಟು ತನ್ನ ಬಲದಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ ಎಂಬುದೂ ಇನ್ನೊಂದು ಕಾರಣ.

ಬಟ್ಟಲಿಗೆ ಮೊದಲು ಕಾಗದ, ಆಮೇಲೆ ಬಬಲ್ ರ‍್ಯಾಪ್. ಒಂದರೊಳಗೆ ಒಂದು ಜೋಡಿಸಿದರೂ ನಡುವೆ ರಟ್ಟಿನ ತುಂಡು. ಎರಡು ಡಬ್ಬದ ನಡುವೆ ಎಲ್ಲ ಬದಿಗೂ ಮೂರು ಬೆರಳು ಜಾಗ ಬಿಟ್ಟು ಮುದುಡಿದ ಕಾಗದ. ಡಬ್ಬ ಅಲ್ಲಾಡಿಸಿದರೆ ಸದ್ದು ಬರಬಾರದು. ಖಾಸಗಿ ಕೊರಿಯರ್‌ನವರು ಉದ್ದ, ಅಗಲ, ಎತ್ತರದ ಸೆಂಟಿಮೀಟರ್ ಗುಣಿಸಿ 5,000ದಿಂದ ಭಾಗಿಸಿ ತೂಕ ಹಿಡಿಯುತ್ತಾರೆ. ನಮ್ಮ 45, 35, 30ರ ಡಬ್ಬಕ್ಕೆ ಅದು 9.45 ಕಿಲೋ ಆಗುತ್ತಿತ್ತು, ತಕ್ಕಡಿಯಲ್ಲಿ ಆರೂ ದಾಟಿರಲಿಲ್ಲ. ಹಾಗಾಗಿ ಮತ್ತೆ ಅಂಚೆಗೇ ಹೋದೆವು.

ಕಾಗದದ ಕೆಲಸ ನಾನು ಎಣಿಸಿದ್ದಕ್ಕಿಂತ ಸುಲಭ ಇತ್ತು, ಅದೇ ನಾಚಿಕೆ. ಆಮದು ರಫ್ತು ಕೋಡ್, ಎಂದರೆ ಐಇಸಿ, ಆನ್‌ಲೈನಿನಲ್ಲಿ 500 ರೂಪಾಯಿ ಶುಲ್ಕಕ್ಕೆ ಸಿಕ್ಕಿತು. ಸಂಖ್ಯೆ ಅತ್ತಿಗೆಯ ಪ್ಯಾನ್ ನಂಬರೇ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಒಮ್ಮೆ ವಿವರ ದೃಢಪಡಿಸಬೇಕು, ಮರೆತರೆ ಕೋಡ್ ನಿಷ್ಕ್ರಿಯ ಆಗುತ್ತದೆ. ತೆರಿಗೆ ಕಟ್ಟದೆ ರಫ್ತು ಮಾಡಲು ಜಿಎಸ್‌ಟಿಯಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಹಾಕಿದೆ. 2022ರಿಂದ ಅಂಚೆ ಇಲಾಖೆ ಡಾಕ್ ಘರ್ ನಿರ್ಯಾತ್ ಕೇಂದ್ರ ಎಂದು ಶುರು ಮಾಡಿದೆ. ಅದರ ತಾಣದಲ್ಲೇ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ಎಂಬ ರಫ್ತು ದಾಖಲೆ ತುಂಬಿ, ಪಾರ್ಸೆಲ್ ಅನ್ನು ಕೇಂದ್ರದಲ್ಲಿ ಕೊಟ್ಟರೆ, ಕಸ್ಟಮ್ಸ್ ಎದುರು ನಾವೇ ಹೋಗಿ ನಿಲ್ಲಬೇಕಿಲ್ಲ.

ವಿವರದ ಜಾಗದಲ್ಲಿ ಈ ಸಲ ಬರೆದದ್ದು: ಕಾಫಿ ಮರದ ಬಟ್ಟಲು, ಹೊಸದು, ತೊಗಟೆ ಇಲ್ಲ, 10 ಸಂಖ್ಯೆ, ಮಾರಾಟದ ಸರಕು, ಎಚ್‌ಎಸ್ ಕೋಡ್ 4419. ಕಸ್ಟಮ್ಸ್‌ನ ಸರಕು ಪಟ್ಟಿಯಲ್ಲಿ ಊಟದ, ಅಡುಗೆಯ ಮರದ ಸಾಮಾನಿಗೆ ಅದೇ ಕೋಡ್. ಬೆಲೆ 24,000. ಮರದ ಸಸ್ಯಶಾಸ್ತ್ರೀಯ ಹೆಸರನ್ನೂ ಬರೆದೆವು. ಒಂದು ಕಾರಣ ಇತ್ತು. ನಡುವೆ ಒಬ್ಬರು ಬೀಟೆ ಮರದ್ದು ಸಿಗುತ್ತಾ ಎಂದು ಕೇಳಿದ್ದರು. ಬೀಟೆ 2017ರ ಜನವರಿ 2ರಿಂದ ಅಳಿವಿನ ಭಯವಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಮರ ಯಾವುದು ಎಂದು ಹೇಳದೆ ಕಳಿಸಿದರೆ ಅನುಮಾನ ಬರುವುದು ಸಹಜ.

ಡಬ್ಬ ಮುಚ್ಚುವ ತನಕ ಮೊಬೈಲಿನಲ್ಲಿ ವಿಡಿಯೋ ಹಿಡಿದೆವು. ಬಿಲ್, ಪ್ರಮಾಣಪತ್ರ ಹೊರಗಿನ ಲಕೋಟೆಯಲ್ಲಿ, ನಕಲು ಒಳಗೆ. ಬಿಲ್ಲಿನ ಮೊತ್ತ, ಫಾರಂನ ಮೊತ್ತ ಒಂದೇ. ವಿಳಾಸ ಪ್ರಿಂಟ್ ಮಾಡಿದ್ದು, ಗಿರಾಕಿಯ ಫೋನ್ ನಂಬರ್ ಸಮೇತ, ಮೇಲೆ ಟೇಪು. ಡಬ್ಬದ ಒಳಗೂ ಒಂದು ವಿಳಾಸ.

2025ರ ಫೆಬ್ರವರಿಯಲ್ಲಿ ಹೋಯಿತು. ಹನ್ನೊಂದನೇ ದಿನ ಅವರ ಅಂಗಡಿಯ ಕಪಾಟಿನಲ್ಲಿತ್ತು.

ಅಮೆರಿಕದ ಆರ್ಡರ್

ಇದಾದ ಮೇಲೆ ಧೈರ್ಯ ಬಂದು ಅತ್ತಿಗೆ ನ್ಯೂಜೆರ್ಸಿಯ ಒಂದು ಆರ್ಡರ್ ಹಿಡಿದರು. 2025ರ ಆಗಸ್ಟ್. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಅಮೆರಿಕದಲ್ಲಿದ್ದ ಸುಂಕ ವಿನಾಯಿತಿ ಆಗಸ್ಟ್ 29ರಿಂದ ನಿಂತಿತು. ಸುಂಕವನ್ನು ಯಾರು, ಹೇಗೆ ವಸೂಲು ಮಾಡಬೇಕೆಂದು ಸ್ಪಷ್ಟವಾಗದೆ ನಮ್ಮ ಅಂಚೆ ಇಲಾಖೆ 25ರಿಂದಲೇ ಅಲ್ಲಿಗೆ ಹೆಚ್ಚಿನ ಸಾಮಾನಿನ ಬುಕಿಂಗ್ ನಿಲ್ಲಿಸಿತು. ಅಕ್ಟೋಬರ್ 15ಕ್ಕೆ ಮತ್ತೆ ಶುರುವಾದಾಗ ಸುಂಕವನ್ನು ಇಲ್ಲೇ ಮುಂಚಿತವಾಗಿ ಕಟ್ಟಬೇಕಿತ್ತು. ಆಗ ಭಾರತದ ಸರಕಿಗೆ 50%. ಬಟ್ಟಲು ಸಿದ್ಧವಿತ್ತು, ಒಣಗಿತ್ತು, ಕಾಗದ ಸರಿಯಿತ್ತು. ಹೊಸ ಬೆಲೆ ಕೇಳಿ ಗಿರಾಕಿ ಬೇಡವೆಂದರು. ದುಡ್ಡು ವಾಪಸ್ ಹೋಯಿತು. ಇದರಲ್ಲಿ ನಾವು ಮಾಡಿದ ತಪ್ಪೇನೂ ಇರಲಿಲ್ಲ, ಆದರೂ ದುಡ್ಡು ಹಿಡಿಯುವ ಮುನ್ನ ಆ ದೇಶದ ಆ ವಾರದ ಸುದ್ದಿ ನೋಡಬೇಕು ಎಂದು ಅತ್ತಿಗೆ ಗೋಡೆಯ ಮೇಲೆ ಬರೆದಿಟ್ಟಿದ್ದಾರೆ.

ಮೆಲ್ಬರ್ನ್‌ನ ಹತ್ತು ಬಟ್ಟಲು ಅಲ್ಲಿನ 2025ರ ಚಳಿಗಾಲವನ್ನು ಹೀಟರ್ ಪಕ್ಕದಲ್ಲೇ ಕಳೆದವು. ಒಂದರ ಅಂಚಿನಲ್ಲಿ ಕೂದಲಿನಷ್ಟು ಗೆರೆ ಬಿದ್ದಿದೆ, ಬಾಕಿ ಒಂಬತ್ತು ಹಾಗೇ ಇವೆ ಎಂದು ಅವರು ಬರೆದಿದ್ದರು. ಮೊದಲ ಪಾರ್ಸೆಲ್‌ನ ತೂತಿನ ಬಟ್ಟಲು ಇನ್ನೂ ಅವರ ಕೌಂಟರಿನಲ್ಲಿದೆಯಂತೆ, ಗಿರಾಕಿಗಳು ಚಿಲ್ಲರೆ ಹಾಕುತ್ತಾರಂತೆ. ಅಂಥದ್ದೇ ಇನ್ನೂ ಆರು ಬೇಕು, ಜುಲೈಯಲ್ಲಿ ಕಳಿಸಬಹುದಾ ಎಂದು ಕೇಳಿದ್ದರು.

ಅತ್ತಿಗೆ ಅಣ್ಣನ ಮಳೆ ಪುಸ್ತಕದ ಜುಲೈ ಪುಟದ ಫೋಟೋ ತೆಗೆದು ಕಳಿಸಿದರು. ಕೆಳಗೆ ಎರಡೇ ಸಾಲು: ತೂತಿನದು ಇಲ್ಲ. ಮಿಕ್ಕದ್ದು ಫೆಬ್ರವರಿಗೆ.